ಸೋಗಿಲ್ಲದ ಬಾರ್: ನೀವು ಕೇಳಿದ್ದು, ನಾನು ಹೇಳಿದ್ದು

ಮದ್ಯ ಒಳ್ಳೇದಾ ಕೆಟ್ಟದ್ದಾ ಅಂತ ಎಲ್ರೂ ಬರೀತಾರೆ, ಆ ಬಾರ್ ಅನ್ನೋ ಜಾಗದ ಬಗ್ಗೆ ಒಂದ್ಸಲ ಬರೀರಿ ಅಂತ ಓದುಗರೊಬ್ಬರು ಕೇಳಿದ್ರು. ಹ್ಞೂಂ ಅಂದಿದ್ದೇ ತಡ, ಪತ್ರಗಳು ಬಂದು ಬಿದ್ವು. ಎಲ್ಲಾ ಪತ್ರದಲ್ಲೂ ಒಂದೇ ಥರದ ಬಾರ್: ಬೀದಿ ತಿರುವಲ್ಲಿರೋ, ಬಣ್ಣ ಮಾಸಿದ, ಸ್ಟೂಲ್ ಅಲ್ಲಾಡೋ, ದಿನಾ ಅದೇ ನಾಲ್ಕು ಮುಖ ಕಾಣೋ ಸಣ್ಣ ಬಾರ್. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ಆಫೀಸ್ ಹತ್ರ ಹೊಸ ಬಾರ್ ಓಪನ್ ಆಗಿದೆ, ಲೈಟಿಂಗ್ ಸೂಪರ್, ಕುರ್ಚಿ ಮೆತ್ತಗಿದೆ, ಮೆನು ನೋಡಿ ಮುಗಿಸೋಕೇ ಅರ್ಧ ಗಂಟೆ ಬೇಕು. ಆದ್ರೂ ನನ್ನ ಫ್ರೆಂಡ್ ಆ ಹಳೇ ಕತ್ತಲೆ ಬಾರ್‌ಗೇ ಎಳ್ಕೊಂಡು ಹೋಗ್ತಾನೆ. ಅಲ್ಲಿ ಅಂಥದ್ದೇನಿದೆ ಸ್ವಾಮಿ?

ಉತ್ತರ: ನಿಮ್ಮ ಫ್ರೆಂಡ್‌ಗೆ ಅಲ್ಲಿ ಯಾರಿಗೂ ಏನೂ ತೋರಿಸ್ಕೋಬೇಕಾಗಿಲ್ಲ, ಅಷ್ಟೇ. ಹೊಸ ಬಾರ್‌ನ ಬಾಗಿಲಲ್ಲಿ ನಿಂತವರು ಮೊದಲು ಶೂ ನೋಡ್ತಾರೆ, ಆಮೇಲೆ ಬುಕಿಂಗ್ ಇದೆಯಾ ಅಂತ ಕೇಳ್ತಾರೆ, ಕೂತ ಮೇಲೆ ಬಾಯಿಗೆ ಬರದ ಹೆಸರಿನ ಡ್ರಿಂಕ್‌ನ ಬೆರಳಲ್ಲಿ ತೋರಿಸಿ ಆರ್ಡರ್ ಮಾಡ್ಬೇಕು, ಒಂದು ಗ್ಲಾಸ್ ಮುಗಿದ್ರೆ ಇನ್ನೊಂದು ಹೇಳ್ತೀರಾ ಇಲ್ಲಾ ಏಳ್ತೀರಾ ಅನ್ನೋ ಥರ ಒಬ್ಬರು ಸುಳಿದಾಡ್ತಾನೇ ಇರ್ತಾರೆ. ಹಳೇ ಬಾರ್‌ನಲ್ಲಿ ನೀವು ಬಂದ್ರಿ ಅನ್ನೋದನ್ನ ತಲೆ ಎತ್ತಿ ನೋಡಿದ್ರು, ಅಲ್ಲಿಗೆ ಮುಗೀತು.

ರೇ ಓಲ್ಡನ್‌ಬರ್ಗ್ ಅಂತ ಅಮೆರಿಕದ ಒಬ್ಬ ಸಮಾಜಶಾಸ್ತ್ರಜ್ಞ ಇದನ್ನ 1989ರಲ್ಲೇ ಪುಸ್ತಕ ಮಾಡಿ ಬರೆದ್ರು. ಮನೆ ಮೊದಲನೇ ಜಾಗ, ಕೆಲಸ ಎರಡನೇದು, ಮನುಷ್ಯನಿಗೆ ಮೂರನೇದೊಂದು ಬೇಕು, ಅಲ್ಲಿ ಯಾರೂ ಆತಿಥೇಯರಲ್ಲ, ಯಾರೂ ಅತಿಥಿಯಲ್ಲ, ಹುದ್ದೆ ಅಂತಸ್ತು ಹೊರಗೇ ಬಿಟ್ಟು ಬಂದು ಮಾತಾಡೋದೇ ಮುಖ್ಯ ಕೆಲಸ ಅಂತ ಅವರ ವಾದ. ಸೆಲೂನ್, ಕೆಫೆ, ಪುಸ್ತಕದಂಗಡಿ, ಬಾರ್ ಎಲ್ಲಾ ಆ ಪಟ್ಟಿಯಲ್ಲಿವೆ. ಇಂಥ ಜಾಗ ನೋಡೋಕೆ ಸಾದಾ ಆಗಿರ್ಬೇಕು ಅನ್ನೋದನ್ನೂ ಅವರು ಒಂದು ಲಕ್ಷಣ ಅಂತಾನೇ ಬರೆದಿದಾರೆ. ಜಾಗ ಮಿರಮಿರ ಮಿಂಚ್ತಾ ಇದ್ರೆ ಬರೋರೂ ಮಿಂಚೋಕೆ ನೋಡ್ತಾರೆ, ಮಾತು ಅಲ್ಲಿಗೆ ಕೆಟ್ಟಿತು.

ಆದ್ರೆ ಈ ಸಾದಾತನ ಎಲ್ಲಿಂದ ಬರತ್ತೆ ಅನ್ನೋದು ನನಗೆ ಅದಕ್ಕಿಂತ ಇಂಟರೆಸ್ಟಿಂಗ್. ದೊಡ್ಡ ಬಾರ್ ಬದುಕೋದು ಹೊಸಬರಿಂದ, ಪ್ರತಿ ವಾರ ಹೊಸ ಜನ ಬರ್ಬೇಕು, ಫೋಟೋ ತೆಗೀಬೇಕು, ಆ ಫೋಟೋ ನೋಡಿ ಇನ್ನಷ್ಟು ಜನ ಬರ್ಬೇಕು, ಅದಕ್ಕೇ ಗೋಡೆಗೆ ಅಷ್ಟು ಖರ್ಚು. ಸಣ್ಣ ಬಾರ್ ಬದುಕೋದು ವಾರಕ್ಕೆ ಮೂರು ನಾಲ್ಕು ಸಲ ಬರೋ ಅವೇ ಒಂದಿಷ್ಟು ಗಿರಾಕಿಗಳಿಂದ, ಅವರನ್ನ ಸೆಳೆಯೋಕೆ ಗೋಡೆಗೆ ಬಣ್ಣ ಬೇಕಾಗಿಲ್ಲ, ಅವರು ಗೋಡೆ ನೋಡೋದನ್ನ ಯಾವತ್ತೋ ಬಿಟ್ಟಿದಾರೆ. ಅವರಿಗೆ ಬೇಕಿರೋದು ನಿನ್ನೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮಾತು ಮುಂದುವರಿಸೋದು, ಕೇಳದೇನೇ ಮುಂದೆ ಬರೋ ಗ್ಲಾಸು. ಎಷ್ಟೋ ಕಡೆ ಕಟ್ಟಡ ಮಾಲೀಕನದ್ದೇ ಆಗಿರತ್ತೆ, ಇಲ್ಲಾ ಯಾವ ಕಾಲದ್ದೋ ಬಾಡಿಗೆ ಕರಾರು ಇರತ್ತೆ. ಹಾಗಾಗಿ ಒಂದೇ ಗ್ಲಾಸ್ ಹಿಡ್ಕೊಂಡು ಸಂಜೆ ಪೂರ್ತಿ ಕೂತವನನ್ನ ಎಬ್ಬಿಸೋ ಅರ್ಜೆಂಟ್ ಮಾಲೀಕನಿಗಿಲ್ಲ. ನಿಮ್ಮ ಫ್ರೆಂಡ್‌ಗೆ ಸಿಗೋ ಆ ನಿರಾಳ ಇದೆಯಲ್ಲ, ಅದರ ಹಿಂದೆ ಇಷ್ಟು ಲೆಕ್ಕಾಚಾರ ಇದೆ.

ಪ್ರಶ್ನೆ: ಒಬ್ಬನೇ ಹೋಗಿ ಕೂರೋಕೆ ಮುಜುಗರ ಆಗತ್ತೆ. ಜನ ಏನಂದ್ಕೋತಾರೋ ಅಂತ ಮೊಬೈಲ್ ನೋಡ್ತಾ ಕೂರ್ತೀನಿ. ಏನು ಮಾಡ್ಲಿ?

ಉತ್ತರ: ಟೇಬಲ್ ಬಿಡಿ, ಕೌಂಟರ್‌ಗೆ ಹೋಗಿ. ಟೇಬಲ್‌ನಲ್ಲಿ ಒಬ್ಬರೇ ಕೂತ್ರೆ ಎದುರಿಗಿರೋ ಖಾಲಿ ಕುರ್ಚಿ ಎಲ್ರಿಗೂ ಕಾಣತ್ತೆ, ಕೌಂಟರ್‌ನಲ್ಲಿ ಎಲ್ರೂ ಒಂದೇ ಕಡೆ ಮುಖ ಮಾಡಿ ಕೂತಿರ್ತಾರೆ, ಒಬ್ಬರಾ ಇಬ್ಬರಾ ಅಂತ ಲೆಕ್ಕ ಹಾಕೋರಿಲ್ಲ. ಪಕ್ಕಪಕ್ಕ ಕೂತವರ ಮಧ್ಯೆ ಮಾತು ಸಲೀಸು, ಬೇಕಾದ್ರೆ ಒಂದು ಮಾತು ಆಡಬಹುದು, ಬೇಡ ಅಂದ್ರೆ ಮುಂದಿರೋ ಬಾಟಲಿ ಸಾಲು ನೋಡ್ತಾ ಸುಮ್ನಿರಬಹುದು, ಯಾರೂ ತಪ್ಪು ತಿಳ್ಕೊಳ್ಳಲ್ಲ. ಕೇಟ್ ಫಾಕ್ಸ್ ಅನ್ನೋ ಮಾನವಶಾಸ್ತ್ರಜ್ಞೆ ಇಂಗ್ಲೆಂಡ್ ಜನರ ನಡವಳಿಕೆ ಬಗ್ಗೆ ಬರೀತಾ ಇದನ್ನೇ ಗುರುತಿಸಿದಾರೆ, ಅಪರಿಚಿತರ ಹತ್ರ ಮಾತಾಡೋಕೆ ಅಷ್ಟು ಹಿಂಜರಿಯೋ ಆ ಜನ ಪಬ್‌ನ ಕೌಂಟರ್ ಹತ್ರ ಮಾತ್ರ ಆರಾಮಾಗಿ ಮಾತು ಶುರು ಮಾಡ್ತಾರಂತೆ. ದೂರದ ಟೇಬಲ್‌ಗೆ ಹೋಗಿ ಕೂತವರನ್ನ ಮಾತಾಡಿಸೋ ಹಾಗಿಲ್ಲ.

ಒಂದೇ ಎಚ್ಚರ. ಕೌಂಟರ್‌ನ ಮೂಲೆ ಸ್ಟೂಲ್ ಖಾಲಿ ಇದ್ರೂ ಕೂರೋ ಮೊದಲು ಒಂದು ಮಾತು ಕೇಳಿ. ಅದು ಯಾರದ್ದೋ ಆಗಿರತ್ತೆ, ಬೋರ್ಡ್ ಮಾತ್ರ ಇರಲ್ಲ.

ಪ್ರಶ್ನೆ: ಎಲ್ರೂ ಸಮ ಅನ್ನೋ ಜಾಗ ಅಂತ ನೀವು ಗಂಡಸರೆಲ್ಲಾ ಹೊಗಳ್ತೀರಿ. ಹೆಣ್ಣು ಒಬ್ಬಳೇ ಒಳಗೆ ಹೋದ್ರೆ ಇಡೀ ಬಾರ್ ತಿರುಗಿ ನೋಡತ್ತೆ. ನನಗಂತೂ ಆ ದುಬಾರಿ ಬಾರೇ ಸೇಫ್. ಇದಕ್ಕೇನಂತೀರಿ?

ಉತ್ತರ: ಸರಿಯಾಗೇ ಕೇಳಿದ್ರಿ ಮೇಡಂ. ಎಲ್ರೂ ಸಮ ಅನ್ನೋದು ಒಳಗೆ ಬಂದವರ ಮಧ್ಯೆ ಮಾತ್ರ, ಒಳಗೆ ಬರೋಕೆ ಯಾರಿಗೆ ಬಿಟ್ರು ಅನ್ನೋದು ಬೇರೆ ಕತೆ.

ನ್ಯೂಯಾರ್ಕ್‌ನಲ್ಲಿ ಮೆಕ್‌ಸೋರ್ಲೀಸ್ ಅಂತ ಒಂದು ಹಳೇ ಏಲ್ ಹೌಸ್ ಇದೆ (ಏಲ್ ಅಂದ್ರೆ ಒಂದು ಬಗೆಯ ಬಿಯರ್), 1854ರಿಂದ ಇದೀವಿ ಅಂತ ಅವರೇ ಹೇಳ್ಕೋತಾರೆ, ನೆಲಕ್ಕೆ ಮರದ ಹೊಟ್ಟು, ಕುಡಿಯೋಕೆ ಸಿಗೋದು ಲೈಟ್ ಏಲ್ ಮತ್ತು ಡಾರ್ಕ್ ಏಲ್ ಎರಡೇ. ಇಂಥ ಬಾರ್‌ಗಳ ಬಗ್ಗೆ ಮಾತು ಬಂದ್ರೆ ಎಲ್ರೂ ಮೊದಲು ಹೇಳೋ ಹೆಸರು ಅದು. ಅಲ್ಲಿ 1970ರ ತನಕ ಹೆಂಗಸರಿಗೆ ಪ್ರವೇಶವೇ ಇರ್ಲಿಲ್ಲ! ಕೋರ್ಟ್‌ಗೆ ಹೋಗಿ, ನಗರದಲ್ಲಿ ಕಾನೂನು ಬದಲಾಗಿ, ಆಮೇಲೆ ಬಾಗಿಲು ತೆಗೆದ್ರು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1965ರಲ್ಲಿ ಮರ್ಲ್ ಥಾರ್ನ್‌ಟನ್ ಮತ್ತು ರೋಸಲಿ ಬಾಗ್ನರ್ ಅನ್ನೋ ಇಬ್ಬರು ರಿಗಾಟಾ ಹೋಟೆಲ್‌ನ ಬಾರ್‌ಗೆ ಹೋಗಿ ಕೌಂಟರ್ ಕಂಬಿಗೆ ತಮ್ಮನ್ನೇ ಸರಪಳಿ ಹಾಕಿ ಬಿಗಿದುಕೊಂಡು ಕೂತ್ರು, ಯಾಕಂದ್ರೆ ಅಲ್ಲಿನ ಪಬ್ಲಿಕ್ ಬಾರ್‌ನಲ್ಲಿ ಹೆಂಗಸರಿಗೆ ಮದ್ಯ ಕೊಡೋದೇ ಕಾನೂನುಬಾಹಿರ. ಆ ಕಾನೂನು ಹೋಗೋಕೆ ಇನ್ನೂ ಐದು ವರ್ಷ ಬೇಕಾಯ್ತು. ಈ ಹಳೇ ಬಾರ್‌ಗಳ ಸೊಗಸು ಹೇಳೋವಾಗ ನಮ್ಮ ಗಂಡಸರಿಗೆ ಇದು ಅದ್ಹೇಗೋ ಮರೆತುಹೋಗತ್ತೆ.

ಇನ್ನೊಂದು ಉದಾಹರಣೆ ಉಲ್ಟಾ ದಿಕ್ಕಿನದ್ದು. ನ್ಯೂಯಾರ್ಕ್‌ನದ್ದೇ ಸ್ಟೋನ್‌ವಾಲ್ ಇನ್ ಅನ್ನೋ ಬಾರ್. 1969ರಲ್ಲಿ ಅದನ್ನ ನಡೆಸ್ತಿದ್ದದ್ದು ಮಾಫಿಯಾ, ಕೌಂಟರ್ ಹಿಂದೆ ನಲ್ಲಿ ನೀರೂ ಇರ್ಲಿಲ್ಲ, ಗ್ಲಾಸ್‌ಗಳನ್ನ ತೊಟ್ಟಿಯಲ್ಲಿ ಅದ್ದಿ ಮತ್ತೆ ಕೊಡೋರು. ಆದ್ರೂ ಸಲಿಂಗಿಗಳು, ಲಿಂಗಪರಿವರ್ತಿತರು, ಮನೆಯಿಂದ ಹೊರಹಾಕಿಸಿಕೊಂಡ ಹುಡುಗರು ಅಲ್ಲಿಗೇ ಬರ್ತಿದ್ರು, ಯಾಕಂದ್ರೆ ಬೇರೆ ಕಡೆ ಅವರನ್ನ ಒಳಗೆ ಬಿಡ್ತಿರ್ಲಿಲ್ಲ, ಜೊತೆಗೆ ಕುಣಿಯೋಕೆ ಬಿಡೋ ಜಾಗ ಅಂತೂ ಇನ್ನೂ ಕಮ್ಮಿ. ಆ ವರ್ಷ ಜೂನ್ 28ರ ಬೆಳಗಿನ ಜಾವ ಪೊಲೀಸ್ ದಾಳಿಯಾದಾಗ ಜನ ತಿರುಗಿ ನಿಂತ್ರು, ದಿನಗಟ್ಟಲೆ ಗಲಾಟೆ ಆಯ್ತು, ಹಕ್ಕಿನ ಹೋರಾಟಕ್ಕೆ ಅಲ್ಲಿಂದ ಹೊಸ ಬಲ ಬಂತು. 2016ರಲ್ಲಿ ಅಮೆರಿಕ ಸರ್ಕಾರ ಆ ಜಾಗವನ್ನ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿತು.

ಅಂದ್ರೆ ರೆಗ್ಯುಲರ್ ಗಿರಾಕಿಗಳ ಮೇಲೆ ನಡೆಯೋ ಬಾರ್ ಆ ಗಿರಾಕಿಗಳ ಥರಾನೇ ಇರತ್ತೆ. ಅವರು ನಿಮ್ಮನ್ನ ದುರುಗುಟ್ಟಿ ನೋಡೋರಾಗಿದ್ರೆ ಆ ಬಾರ್ ನಿಮಗಲ್ಲ, ಸಾದಾ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಅದನ್ನ ಸಹಿಸ್ಕೋಬೇಕಾಗಿಲ್ಲ. ನೋಡಬೇಕಾದ್ದು ಕೌಂಟರ್ ಹಿಂದಿರೋ ವ್ಯಕ್ತಿಯನ್ನ. ಒಬ್ಬ ಗಿರಾಕಿ ಅತಿಯಾಗಿ ಆಡಿದಾಗ, ಅವನು ಎಷ್ಟೇ ಹಳಬ ಆಗಿದ್ರೂ, ಸಾಕು ಮನೆಗೆ ಹೋಗು ಅಂತ ಹೇಳೋರು ಅಲ್ಲಿದ್ರೆ ಆ ಬಾರ್ ಒಳ್ಳೇದು. ಇಲ್ದಿದ್ರೆ ನಿಮ್ಮ ದುಬಾರಿ ಬಾರೇ ಸರಿ.

ಪ್ರಶ್ನೆ: ಗಲೀಜೂ ಚಂದಾನಾ? ಕೆಲವರು ಆ ಜಿಡ್ಡು, ಧೂಳನ್ನೇ ಕ್ಯಾರೆಕ್ಟರ್ ಅಂತಾರೆ.

ಉತ್ತರ: ಹಳೇದು ಬೇರೆ, ಕೊಳಕು ಬೇರೆ. ಮೇಜಿನ ಮೇಲೆ ಗೀರು ಇರ್ಲಿ, ಅಂಟು ಇರಬಾರದು. ಮೇಲೆ ಹೇಳಿದ ಮೆಕ್‌ಸೋರ್ಲೀಸ್‌ನಲ್ಲಿ ದೀಪದ ಕಂಬಿಗೆ ಹಕ್ಕಿಯ ಎದೆ ಹತ್ರದ ಕವಲು ಮೂಳೆಗಳನ್ನ (ವಿಶ್‌ಬೋನ್) ನೇತುಹಾಕಿದಾರೆ, ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ವಾಪಸ್ ಬಂದು ತೆಗೀತೀವಿ ಅಂತ ಹಾಕಿ ಹೋದದ್ದು, ಉಳಿದವು ಬಾರದೇ ಹೋದವರದ್ದು ಅಂತ ಹೇಳ್ತಾರೆ. ಅದರ ಮೇಲಿನ ಧೂಳನ್ನ ದಶಕಗಟ್ಟಲೆ ಯಾರೂ ಮುಟ್ಟಿರ್ಲಿಲ್ಲ, 2011ರಲ್ಲಿ ಆರೋಗ್ಯ ಇಲಾಖೆ ಒತ್ತಾಯಕ್ಕೆ ಮಾಲೀಕರೇ ಕೂತು ಒರೆಸಿದ್ರು. ಮೂಳೆ ಉಳೀತು, ಧೂಳು ಹೋಯ್ತು, ಕತೆಗೇನೂ ಕಮ್ಮಿಯಾಗ್ಲಿಲ್ಲ.

ಕಣ್ಣಿಗೆ ಕಾಣದ ಕೊಳೆ ಬಗ್ಗೆ ತಲೆಕೆಡಿಸ್ಕೊಳ್ಳಿ. ಡ್ರಾಫ್ಟ್ ಬಿಯರ್ (ಪೀಪಾಯಿಯಿಂದ ನಲ್ಲಿಗೆ ಬರೋ ಬಿಯರ್) ಹರಿಯೋ ಪೈಪ್‌ನ ಸುಮಾರು ಎರಡು ವಾರಕ್ಕೊಂದ್ಸಲ ಕ್ಲೀನ್ ಮಾಡ್ಬೇಕು, ಇಲ್ದಿದ್ರೆ ಒಳಗೆ ಯೀಸ್ಟ್, ಬ್ಯಾಕ್ಟೀರಿಯಾ ಪದರ ಕಟ್ಟಿ ಬಿಯರ್‌ಗೆ ಹುಳಿ ವಾಸನೆ, ಬೆಣ್ಣೆ ಥರದ ವಾಸನೆ ಬರತ್ತೆ. ಅನುಮಾನ ಇದ್ರೆ ಬಾಟಲ್ ಹೇಳಿ. ಅದರಲ್ಲೂ ಕಂದು ಬಾಟಲಿ ವಾಸಿ, ಬೆಳಕು ಬಿದ್ರೆ ಬಿಯರ್‌ಗೆ ಕಹಿ ಕೊಡೋ ಹಾಪ್ಸ್ ಹೂವಿನ ಅಂಶ ಕೆಟ್ಟು ನಾತ ಬರೋದನ್ನ ಕಂದು ಗಾಜು ತಡೆದ ಹಾಗೆ ಹಸಿರು ಗಾಜು, ಬಿಳಿ ಗಾಜು ತಡೆಯಲ್ಲ. ಆಮೇಲೆ ಒಂದ್ಸಲ ಟಾಯ್ಲೆಟ್ ನೋಡ್ಕೊಂಡು ಬನ್ನಿ, ಮಾಲೀಕ ಎಂಥವನು ಅಂತ ಅಲ್ಲಿ ಗೊತ್ತಾಗತ್ತೆ.

ಪ್ರಶ್ನೆ: ನಾನೇ ಒಂದು ಬಾರ್ ಶುರು ಮಾಡ್ತಿದೀನಿ. ಹಳೇ ಬಾರ್ ಫೀಲ್ ಬರೋ ಹಾಗೆ ಇಂಟೀರಿಯರ್ ಮಾಡಿಸ್ಬೇಕು ಅಂತ ಆಸೆ. ಟಿಪ್ಸ್ ಕೊಡಿ.

ಉತ್ತರ: ಹಳೇ ಥರ ಕಾಣೋಕೆ ದುಡ್ಡು ಸುರಿಯಬೇಡಿ, ಹೊಸಾ ಗೋಡೆಗೆ ಬೇಕಂತಲೇ ಬಣ್ಣ ಕೀಳಿಸಿದ್ದು ಮೊದಲ ದಿನವೇ ಗೊತ್ತಾಗತ್ತೆ.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರ ಫೆಬ್ರವರಿಯಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ತಮ್ಮ ಮೆಚ್ಚಿನ ಪಬ್ ಬಗ್ಗೆ ಬರೆದ್ರು, ಹೆಸರು 'ದಿ ಮೂನ್ ಅಂಡರ್ ವಾಟರ್'. ಅಲ್ಲಿ ರೇಡಿಯೋ ಇಲ್ಲ, ಪಿಯಾನೋ ಇಲ್ಲ, ಮಾತಾಡೋಷ್ಟು ನಿಶ್ಶಬ್ದ ಇದೆ, ಬಡಿಸೋ ಹೆಂಗಸರಿಗೆ ಗಿರಾಕಿಗಳ ಹೆಸರು ಗೊತ್ತು, ಬರೋರು ಬಿಯರ್‌ಗೆ ಎಷ್ಟೋ ಮಾತಿಗೂ ಅಷ್ಟೇ ಬರ್ತಾರೆ ಅಂತೆಲ್ಲಾ ವರ್ಣಿಸಿ ಕೊನೆಗೆ ಇಂಥ ಪಬ್ಬೇ ಇಲ್ಲ ಅಂದುಬಿಟ್ರು! ತಮಾಷೆ ಏನಂದ್ರೆ ಆಮೇಲೆ ವೆದರ್‌ಸ್ಪೂನ್ ಅನ್ನೋ ದೊಡ್ಡ ಪಬ್ ಸರಣಿ ತನ್ನ ಹಲವಾರು ಪಬ್‌ಗಳಿಗೆ ಅದೇ ಹೆಸರಿಟ್ಟಿತು. ಹೆಸರಿಡೋದು ಸುಲಭ ನೋಡಿ.

ನಿಮ್ಮ ಕೈಯಲ್ಲಿ ನಿಜವಾಗಿ ಇರೋದು ಎರಡು ಮೂರು ವಿಷಯ. ಜಾಗ ಸಣ್ಣದಿರ್ಲಿ. ಟೋಕಿಯೋದ ಶಿಂಜುಕುನಲ್ಲಿ ಗೋಲ್ಡನ್ ಗಾಯ್ ಅಂತ ಇದೆ, ಆರು ಕಿರು ಗಲ್ಲಿ, ಅದರಲ್ಲಿ ಸುಮಾರು 200 ಬಾರ್, ಕೆಲವದರಲ್ಲಿ ಐದಾರು ಜನ ಕೂತ್ರೆ ಹೌಸ್‌ಫುಲ್. ಅಷ್ಟು ಇಕ್ಕಟ್ಟಲ್ಲಿ ಪಕ್ಕದವರನ್ನ ಮಾತಾಡಿಸದೇ ಇರೋದೇ ಕಷ್ಟ. ಎರಡನೇದು ಸೌಂಡ್. ಫ್ರಾನ್ಸ್‌ನಲ್ಲಿ ಸಂಶೋಧಕರು ಬಾರ್‌ಗಳಲ್ಲಿ ಮ್ಯೂಸಿಕ್‌ನ 72 ಡೆಸಿಬೆಲ್‌ನಿಂದ 88ಕ್ಕೆ ಏರಿಸಿ ನೋಡಿದ್ರು, 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸೌಂಡ್ ಜಾಸ್ತಿಯಾದಾಗ ಜನ ಬೇಗ ಬೇಗ ಕುಡಿದ್ರು, ಜಾಸ್ತಿ ಕುಡಿದ್ರು. ಮಾತಾಡೋಕಾಗದಿದ್ರೆ ಬಾಯಿಗೆ ಇನ್ನೇನು ಕೆಲಸ? ಹಾಗಾಗಿ ಸೌಂಡ್ ಏರಿಸಿದ್ರೆ ಆ ರಾತ್ರಿ ವ್ಯಾಪಾರ ಚೆನ್ನಾಗಾಗಬಹುದು, ಆದ್ರೆ ಮಾತಿಗೆ ಅಂತ ಬರೋನು ಇನ್ನೊಂದ್ಸಲ ಬರಲ್ಲ, ನಿಮಗೆ ಯಾರು ಬೇಕು ನೀವೇ ತೀರ್ಮಾನ ಮಾಡಿ. (ಅಂದಹಾಗೆ ಕಾಸು ಹಾಕಿ ಹಾಡು ಕೇಳೋ ಮೆಷಿನ್ ಮೊದಲು ಬಂದದ್ದು 1889ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಲೂನ್ ಬಾರ್‌ಗೆ. ಅದರಲ್ಲಿ ಸ್ಪೀಕರ್ ಇರ್ಲಿಲ್ಲ, ನಾಲ್ಕು ನಳಿಗೆ, ಕಾಸು ಹಾಕಿದವನ ಕಿವಿಗೆ ಮಾತ್ರ ಹಾಡು. ಎಂಥಾ ಮರ್ಯಾದಸ್ಥ ಮೆಷಿನ್!)

ಮೂರನೇದು, ಕೌಂಟರ್ ಹಿಂದೆ ವರ್ಷಗಟ್ಟಲೆ ಒಬ್ಬರೇ ನಿಲ್ಲೋ ಹಾಗೆ ಸಂಬಳ ಕೊಡಿ. ಗಿರಾಕಿ ನೆನಪಿಡೋ ಮುಖ ಅದೊಂದೇ, ಆರು ತಿಂಗಳಿಗೊಬ್ಬರು ಬದಲಾಗ್ತಿದ್ರೆ ಪ್ರತಿ ಸಲ ಅವನು ಮೊದಲಿಂದ ಪರಿಚಯ ಹೇಳ್ಕೋಬೇಕು. ಫೀಲ್ ಬೇಕು ಅಂದ್ರಲ್ಲ, ಹತ್ತು ವರ್ಷ ನಡೆಸಿ, ತಾನಾಗೇ ಬರತ್ತೆ.

ಪ್ರಶ್ನೆ: ನಮ್ಮನೆಯವರು ದಿನಾ ಸಂಜೆ ಆ ಬಾರ್‌ಗೆ ಹೋಗ್ತಾರೆ. ಕುಡಿಯೋಕಲ್ಲ, ಫ್ರೆಂಡ್ಸ್ ಇರ್ತಾರೆ ಅದಕ್ಕೆ ಅಂತಾರೆ. ನಂಬಲಾ?

ಉತ್ತರ: ಅವರು ಸುಳ್ಳೇ ಹೇಳ್ತಿದಾರೆ ಅಂತಲ್ಲ ಅಮ್ಮ, ಎರಡೂ ಒಟ್ಟಿಗೇ ನಿಜ ಇರಬಹುದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮಾಡಿದ ಅಧ್ಯಯನದಲ್ಲಿ ಸಣ್ಣ ಲೋಕಲ್ ಪಬ್ ಇರೋರಿಗೆ ಆಪ್ತ ಗೆಳೆಯರು ಜಾಸ್ತಿ ಅಂತ ಕಂಡುಬಂದಿದೆ, ಅದಕ್ಕೆ ದುಡ್ಡು ಕೊಟ್ಟದ್ದು ಬಿಯರ್ ಪ್ರಿಯರ ಸಂಘ ಅನ್ನೋದನ್ನೂ ನೆನಪಿಡಿ. ಇನ್ನೊಂದು ಕಡೆ, ಮದ್ಯ ಕ್ಯಾನ್ಸರ್ ತರತ್ತೆ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ, ಇಷ್ಟು ಕುಡಿದ್ರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಈ ಬಾರ್‌ಗಳ ದೊಡ್ಡ ಸುಖ ಅಂತ ನಾನು ಮೇಲೆ ಏನು ಹೇಳ್ದೆ, ಯಾರೂ ಲೆಕ್ಕ ಕೇಳಲ್ಲ ಅಂತ. ಅದರ ಅಪಾಯವೂ ಅಲ್ಲೇ ಇದೆ. ಒಬ್ಬ ಮನುಷ್ಯ ಮುಳುಗ್ತಾ ಇದ್ರೂ ಅಲ್ಲಿ ಲೆಕ್ಕ ಕೇಳೋರಿಲ್ಲ, ಪಕ್ಕದವನೂ ಅಷ್ಟೇ ಕುಡೀತಿರೋದ್ರಿಂದ ಅದೇ ಮಾಮೂಲು ಅನ್ಸತ್ತೆ. ಅವರಿಗೆ ಒಂದು ವಾರ ಸೋಡಾ ಹಿಡ್ಕೊಂಡು ಅದೇ ಗೆಳೆಯರ ಜೊತೆ ಕೂರೋಕೆ ಹೇಳಿ. ಖುಷಿಯಾಗಿ ಕೂತು ಬಂದ್ರೆ ಗೆಳೆಯರ ಮಾತು ನಿಜ. ಅಲ್ಲಿಗೆ ಹೋಗೋದೇ ಬೇಜಾರು ಅಂದ್ರೆ, ಸಿಡಿಮಿಡಿ ಶುರುವಾದ್ರೆ, ನಿಮಗೆ ಉತ್ತರ ಸಿಕ್ಕಿತು. ಆದ್ರೆ ದಿನಾ ಜಾಸ್ತಿ ಕುಡಿಯೋರಾಗಿದ್ರೆ ಈ ಪರೀಕ್ಷೆ ಮನೇಲಿ ಮಾಡಬೇಡಿ, ಒಮ್ಮೆಗೇ ನಿಲ್ಲಿಸಿದ್ರೆ ನಡುಕ, ಫಿಟ್ಸ್ ಬರೋ ಅಪಾಯ ಇದೆ, ಮೊದಲು ಡಾಕ್ಟರ್ ಹತ್ರ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ 'ಆಡಿಟ್' ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಎಷ್ಟು ಸಲ, ಎಷ್ಟು ಗ್ಲಾಸ್, ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ಸತ್ತಾ ಅಂತೆಲ್ಲಾ ಕೇಳ್ತಾರೆ, ಡಾಕ್ಟರ್‌ಗಳು ಅದನ್ನ ಬಳಸ್ತಾರೆ. ಜಗಳಕ್ಕಿಂತ ಆ ಹತ್ತು ಪ್ರಶ್ನೆ ವಾಸಿ.

ಪ್ರಶ್ನೆ: ಬಾರ್‌ಗೆ ಹೋಗೋಕೆ ಅರ್ಹತೆ ಏನು?

ಉತ್ತರ: ಕಾನೂನು ಹೇಳೋ ವಯಸ್ಸಾಗಿರ್ಬೇಕು, ವಾಪಸ್ ಬರೋವಾಗ ಗಾಡಿ ಓಡಿಸಬಾರದು.

ಪ್ರಶ್ನೆ: ನಾವು ಹೋಗ್ತಿದ್ದ ಬಾರ್ ಮುಚ್ತಾರಂತೆ, ಕಟ್ಟಡ ಕೆಡವಿ ಫ್ಲಾಟ್ ಕಟ್ತಾರಂತೆ. ಒಂದು ಬಾರ್‌ಗೋಸ್ಕರ ಇಷ್ಟು ಬೇಜಾರಾಗೋದು ಅತಿಯಾಯ್ತಾ? ಏನಾದ್ರೂ ಮಾಡಬಹುದಾ?

ಉತ್ತರ: ಅತಿ ಏನಿಲ್ಲ, ಲಂಡನ್‌ನಲ್ಲಿ ಜನ ಇದಕ್ಕಿಂತ ಮುಂದೆ ಹೋಗಿದಾರೆ. ಅಲ್ಲಿ ಕಾರ್ಲ್‌ಟನ್ ಟ್ಯಾವರ್ನ್ ಅಂತ 1920ರ ದಶಕದ ಶುರುವಿನ ಒಂದು ಪಬ್ ಇತ್ತು. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಅದನ್ನ ಸೇರಿಸಬೇಕಾ ಅಂತ ಪರಿಶೀಲನೆ ನಡೀತಿದ್ದಾಗಲೇ 2015ರ ಏಪ್ರಿಲ್‌ನಲ್ಲಿ ಮಾಲೀಕ ಕಂಪನಿ ಅನುಮತಿನೇ ಇಲ್ದೆ ಬುಲ್ಡೋಜರ್ ತಂದು ಕೆಡವಿಬಿಟ್ಟಿತು. ಅಕ್ಕಪಕ್ಕದವರು ಬಿಡ್ಲಿಲ್ಲ, ಬೆನ್ನು ಹತ್ತಿದ್ರು. ಕೊನೆಗೆ ಸ್ಥಳೀಯ ಆಡಳಿತ ಕೆಡವಿದವರೇ ಇಟ್ಟಿಗೆಗೆ ಇಟ್ಟಿಗೆ ಹಿಂದೆ ಇದ್ದ ಹಾಗೇ ಕಟ್ಟಿಕೊಡಬೇಕು ಅಂತ ಆದೇಶ ಮಾಡಿತು, ಮೇಲ್ಮನವಿಯಲ್ಲೂ ಆದೇಶ ನಿಂತಿತು, 2021ರಲ್ಲಿ ಪಬ್ ಮತ್ತೆ ತೆರೀತು.

ಅಲ್ಲೇ ದಕ್ಷಿಣ ಲಂಡನ್‌ನ ಐವಿ ಹೌಸ್ ಕತೆ ಇನ್ನೂ ಉಪಯೋಗದ್ದು. ಇಂಗ್ಲೆಂಡ್‌ನಲ್ಲಿ 2011ರ ಒಂದು ಕಾಯ್ದೆ ಪ್ರಕಾರ ಊರವರು ಒಂದು ಕಟ್ಟಡವನ್ನ ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ ಅಂತ ನೋಂದಾಯಿಸಬಹುದು. ಆಮೇಲೆ ಅದು ಮಾರಾಟಕ್ಕೆ ಬಂದ್ರೆ, ನಾವೇ ಕೊಳ್ತೀವಿ ಅಂತ ಮುಂದೆ ಬಂದವರಿಗೆ ದುಡ್ಡು ಹೊಂದಿಸೋಕೆ ಆರು ತಿಂಗಳು ಟೈಮ್ ಸಿಗತ್ತೆ. ಹಾಗೆ ನೋಂದಣಿಯಾದ ಮೊದಲ ಪಬ್ ಐವಿ ಹೌಸ್. 2013ರಲ್ಲಿ ಸುತ್ತಮುತ್ತಲಿನ ಜನ ಸೇರಿ ಅದನ್ನ ಕೊಂಡುಕೊಂಡು ಶೇರುದಾರರಾಗಿ ನಡೆಸೋಕೆ ಶುರು ಮಾಡಿದ್ರು. ಅಂದ್ರೆ ಗಿರಾಕಿಗಳೇ ಮಾಲೀಕರು.

ಎಲ್ಲಾ ಕಡೆ ಇಂಥ ಕಾಯ್ದೆ ಇರಲ್ಲ. ಇಲ್ದಿದ್ರೂ ಲೈಸೆನ್ಸ್ ಯಾರ ಹೆಸರಲ್ಲಿದೆ, ಬೇರೆ ಕಟ್ಟಡಕ್ಕೆ ವರ್ಗಾಯಿಸೋಕಾಗತ್ತಾ ಅನ್ನೋದನ್ನ ಮೊದಲು ವಿಚಾರಿಸಿ. ಆಗತ್ತೆ ಅನ್ನೋದಾದ್ರೆ ಕೌಂಟರ್, ಸ್ಟೂಲ್, ಮುಖ್ಯವಾಗಿ ಕೌಂಟರ್ ಹಿಂದಿನ ಮನುಷ್ಯ, ಇಷ್ಟು ಜೊತೆಗೆ ಹೋದ್ರೆ ನೀವೆಲ್ಲಾ ಹೊಸ ಜಾಗಕ್ಕೂ ಹೋಗ್ತೀರಿ. ಆದ್ರೆ ಸಹಿ ಸಂಗ್ರಹ, ಮೆರವಣಿಗೆ ಅಂತ ಹೊರಡೋ ಮೊದಲು ಮಾಲೀಕರ ಹತ್ರ ಒಂದ್ಸಲ ಕೂತು ಮಾತಾಡಿ. ಎಷ್ಟೋ ಕಡೆ ಬಿಲ್ಡರ್ ವಿಲನ್ನೇ ಅಲ್ಲ, ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದ ಮನುಷ್ಯನಿಗೆ ಮಂಡಿ ನೋವು, ಮಕ್ಕಳಿಗೆ ಈ ಕೆಲಸ ಬೇಡ, ಬಂದ ಬೆಲೆಗೆ ಮಾರಿ ಬೇಗ ಮಲಗೋಣ ಅನ್ಸಿರತ್ತೆ. ಹಾಗಿದ್ರೆ ಅವರನ್ನ ಬಿಟ್ಟುಬಿಡಿ, ನಡೆಸೋಕೆ ನಿಮ್ಮಲ್ಲಿ ಯಾರು ರೆಡಿ ಇದೀರಿ ಅಂತ ಮೊದಲು ನೋಡ್ಕೊಳ್ಳಿ.